‘ಗೆಟ್’ ಕ್ರಿಯಾಪದದ ಅರ್ಥ ಹಿಡಿಯುವುದು ಹೇಗೆ?

ನಿಘಂಟಿನಲ್ಲಿ ‘ಗೆಟ್’ ಎಂಬ ಇಂಗ್ಲಿಷ್ ಕ್ರಿಯಾಪದ ಹುಡುಕಿದರೆ ಪಡೆ, ಸಿಗು, ಕೊಳ್ಳು, ತರು, ತಲುಪು, ಆಗು, ಅರ್ಥಮಾಡಿಕೊ, ಹಿಡಿ, ಮಾಡಿಸು ಎಂದು ಅರ್ಥಗಳು ಒಂದರ ಕೆಳಗೊಂದು ಸಾಲುಗಟ್ಟಿರುತ್ತವೆ. ಪಟ್ಟಿಯ ಕೊನೆ ಮುಟ್ಟುವಷ್ಟರಲ್ಲಿ ಯಾವ ವಾಕ್ಯಕ್ಕಾಗಿ ನಿಘಂಟು ತೆರೆದಿದ್ದೆವೋ ಅದೇ ಮರೆತಿರುತ್ತದೆ. ದೊಡ್ಡ ದೊಡ್ಡ ಪದಗಳಿಗೆ ಸಾಮಾನ್ಯವಾಗಿ ಒಂದೋ ಎರಡೋ ಅರ್ಥ. ದಿನವೂ ಬಳಸುವ ಪುಟ್ಟ ಪದಗಳಿಗೇ ಅರ್ಥ ಹೆಚ್ಚು. 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಬೇಕಾದದ್ದು ‘ಸೆಟ್’ ಎಂಬ ಮೂರಕ್ಷರದ ಕ್ರಿಯಾಪದಕ್ಕೆ. ‘ಗೆಟ್’ ಕೂಡ ಅದೇ ಗುಂಪಿನದು.

ಪಟ್ಟಿ ಬಾಯಿಪಾಠ ಮಾಡುವ ದಾರಿಯನ್ನು ಬಿಟ್ಟುಬಿಡಿ ಎಂಬುದು ನನ್ನ ಮೊದಲ ಸಲಹೆ. ‘ಗೆಟ್’ ಒಂಟಿಯಾಗಿ ನಿಂತಾಗ ಅದರಲ್ಲಿ ಹೆಚ್ಚು ಅರ್ಥವಿಲ್ಲ. ಅದರ ನಂತರ ಬರುವ ಪದ ಯಾವ ಬಗೆಯದು ಎಂದು ನೋಡಿ. ವಸ್ತುವಿನ ಹೆಸರೇ? ಗುಣವೇ? ಜಾಗವೇ? ಇನ್ನೊಂದು ಕ್ರಿಯಾಪದವೇ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಥವೂ ಬಹುಪಾಲು ಸಿಕ್ಕಂತೆಯೇ. ಕನ್ನಡಿಗರಿಗೆ ಇಲ್ಲಿ ಇನ್ನೊಂದು ಅನುಕೂಲವಿದೆ. ‘ಗೆಟ್’ ಒಂದೇ ಹೊತ್ತಿರುವ ಕೆಲಸಗಳನ್ನು ಕನ್ನಡ ಸಿಗು, ಆಗು, ತಲುಪು, ಹೋಗು, ‘ಇಸು’ ಪ್ರತ್ಯಯ ಹೀಗೆ ಬೇರೆ ಬೇರೆ ಕಡೆಗೆ ಹಂಚಿದೆ. ಆ ಹಂಚಿಕೆ ನಮಗೆ ಹುಟ್ಟಿನಿಂದಲೇ ಗೊತ್ತು. ಯಾವುದಕ್ಕೆ ಯಾವುದು ಸರಿಹೊಂದುತ್ತದೆ ಎಂದು ನೋಡಿಕೊಂಡರೆ ಸಾಕು.

ಮೊದಲು ಮೂಲಾರ್ಥ

ಇಂಗ್ಲಿಷಿನ ಅತಿ ಬಳಕೆಯ ಪದಗಳಲ್ಲೊಂದಾದರೂ ‘ಗೆಟ್’ ಹೊರಗಿನಿಂದ ಬಂದದ್ದು. ಸ್ಕ್ಯಾಂಡಿನೇವಿಯಾದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದವರು ಆಡುತ್ತಿದ್ದ ಹಳೆಯ ನಾರ್ಸ್ ಭಾಷೆಯ ಪದ ಅದು. ‘ಟೇಕ್’ ಕೂಡ ಅದೇ ದಾರಿಯಲ್ಲಿ ಬಂತು. ‘ಫರ್‌ಗೆಟ್’ ಒಳಗಿರುವ ‘ಗೆಟ್’ ಇದರದೇ ದಾಯಾದಿ. ಮೂಲದಲ್ಲಿ ಅದಕ್ಕೆ ‘ಪಡೆ’ ಎಂಬ ಅರ್ಥ. ಒಂದು ವಸ್ತುವನ್ನು ಪಡೆಯಬಹುದು, ಒಂದು ಜಾಗವನ್ನು ಮುಟ್ಟಬಹುದು, ಒಂದು ಸ್ಥಿತಿಗೆ ಬರಬಹುದು. ಈ ಮೂರರಲ್ಲೂ ಇರುವುದು ಒಂದೇ ಎಳೆ: ಮೊದಲು ಹಾಗಿರಲಿಲ್ಲ, ಈಗ ಹಾಗಾಯಿತು. ಕೆಳಗಿನ ಎಲ್ಲ ಹಂತಗಳಲ್ಲೂ ಈ ಬದಲಾವಣೆಯ ಎಳೆ ಕೈಯಲ್ಲಿರಲಿ.

ಹಂತ 1: ಮುಂದೆ ನಾಮಪದ ಇದ್ದರೆ

‘ಗಾಟ್’ ಎಂಬುದು ‘ಗೆಟ್’ನ ಭೂತಕಾಲದ ರೂಪ. ‘ಐ ಗಾಟ್ ಎ ಲೆಟರ್’ ಎಂದರೆ ನನಗೆ ಪತ್ರ ಬಂತು. ‘ಶಿ ಗಾಟ್ ಎ ಜಾಬ್’ ಎಂದರೆ ಅವಳಿಗೆ ಕೆಲಸ ಸಿಕ್ಕಿತು. ‘ಐ ಗಾಟ್ ಎ ಕೋಲ್ಡ್’ ಎಂದರೆ ನನಗೆ ನೆಗಡಿಯಾಯಿತು.

ಈ ಮೂರು ಕನ್ನಡ ವಾಕ್ಯಗಳನ್ನು ಮತ್ತೊಮ್ಮೆ ಓದಿ. ನನಗೆ, ಅವಳಿಗೆ, ನನಗೆ. ಮೂರರಲ್ಲೂ ಮನುಷ್ಯ ಚತುರ್ಥಿ ವಿಭಕ್ತಿಯಲ್ಲಿದ್ದಾನೆ. ಬಂದದ್ದು ಪತ್ರ, ಸಿಕ್ಕಿದ್ದು ಕೆಲಸ, ಆದದ್ದು ನೆಗಡಿ. ಇಂಗ್ಲಿಷಿನಲ್ಲಿ ಮನುಷ್ಯನೇ ಕರ್ತೃ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ಬರುವವರು ಎಡವುವುದು ಹೆಚ್ಚಾಗಿ ಇಲ್ಲೇ. ‘ಎ ಲೆಟರ್ ಕೇಮ್ ಟು ಮಿ’ ಎಂದು ಶುರುಮಾಡುತ್ತಾರೆ. ಅದು ವ್ಯಾಕರಣಕ್ಕೆ ತಪ್ಪಲ್ಲ, ಆದರೆ ದಿನದ ಮಾತಿನಲ್ಲಿ ಯಾರೂ ಹಾಗೆ ಹೇಳುವುದಿಲ್ಲ.

ಇದಕ್ಕೊಂದು ಉಪಾಯವಿದೆ. ಕನ್ನಡದಲ್ಲಿ ‘ನನಗೆ ಬಂತು’, ‘ನನಗೆ ಸಿಕ್ಕಿತು’, ‘ನನಗೆ ಆಯಿತು’ ಎಂಬ ಬಗೆಯ ವಾಕ್ಯ ಮನಸ್ಸಿಗೆ ಬಂದಾಗೆಲ್ಲ ಇಂಗ್ಲಿಷಿನಲ್ಲಿ ‘ಐ ಗಾಟ್’ ಎಂದು ಶುರುಮಾಡಿ ನೋಡಿ. ನನಗೆ ಅನುಮತಿ ಸಿಕ್ಕಿತು: ‘ಐ ಗಾಟ್ ಪರ್ಮಿಶನ್.’ ನನಗೆ ಸಿಟ್ಟು ಬಂತು: ‘ಐ ಗಾಟ್ ಆಂಗ್ರಿ.’ ನನಗೆ ಹೆದರಿಕೆಯಾಯಿತು: ‘ಐ ಗಾಟ್ ಸ್ಕೇರ್ಡ್.’ ಎಲ್ಲ ಕಡೆಯೂ ಇದು ನಡೆಯದು. ನನಗೆ ನೆನಪಾಯಿತು ಎನ್ನುವುದಕ್ಕೆ ‘ಐ ರಿಮೆಂಬರ್ಡ್’ ಎಂದೇ ಹೇಳಬೇಕು. ನನಗೆ ನಿದ್ದೆ ಬಂತು ಎನ್ನುವಾಗ ತೂಕಡಿಕೆ ಬಂದಿದ್ದರೆ ‘ಐ ಗಾಟ್ ಸ್ಲೀಪಿ’, ನಿದ್ದೆಗೆ ಜಾರಿದ್ದರೆ ‘ಐ ಫೆಲ್ ಅಸ್ಲೀಪ್’. ಆದರೂ ಈ ಉಪಾಯ ಕೈಕೊಡುವುದಕ್ಕಿಂತ ಕೈಹಿಡಿಯುವುದೇ ಹೆಚ್ಚು.

ನಾಮಪದದ ಮೊದಲು ಇನ್ನೊಬ್ಬ ವ್ಯಕ್ತಿ ಬಂದರೆ ಅರ್ಥ ‘ತಂದುಕೊಡು’ ಎಂದಾಗುತ್ತದೆ. ‘ಗೆಟ್ ಮಿ ಎ ಚೇರ್’: ನನಗೊಂದು ಕುರ್ಚಿ ತಂದುಕೊಡು. ‘ಐ ಗಾಟ್ ಹರ್ ಎ ಬುಕ್’: ಅವಳಿಗೊಂದು ಪುಸ್ತಕ ಕೊಂಡುಕೊಟ್ಟೆ. ವಾಹನದ ಹೆಸರಿದ್ದರೆ ಅದರಲ್ಲಿ ಹೋಗುವುದು ಅಥವಾ ಅದನ್ನು ಹಿಡಿಯುವುದು: ‘ವಿ ಗಾಟ್ ದ ಲಾಸ್ಟ್ ಬಸ್.’ ಬಾಗಿಲು ತಟ್ಟುವ ಸದ್ದಾದಾಗ ಒಳಗಿನಿಂದ ‘ಐ ವಿಲ್ ಗೆಟ್ ಇಟ್’ ಎಂದು ಯಾರಾದರೂ ಕೂಗಿದರೆ ‘ನಾನು ತೆರೆಯುತ್ತೇನೆ’ ಎಂದರ್ಥ. ಫೋನ್ ಬಡಿದುಕೊಂಡಾಗ ಅದೇ ಮಾತಿಗೆ ‘ನಾನು ಎತ್ತುತ್ತೇನೆ’ ಎಂದರ್ಥ.

ಮಾತು, ತಮಾಷೆ, ಪಾಠ ಇವು ಮುಂದಿದ್ದಾಗ ‘ಗೆಟ್’ ಎಂದರೆ ಅರ್ಥವಾಗು. ‘ಐ ಡೋಂಟ್ ಗೆಟ್ ದ ಜೋಕ್’: ಈ ತಮಾಷೆ ನನಗೆ ಅರ್ಥವಾಗುತ್ತಿಲ್ಲ. ಇಲ್ಲೂ ಆ ‘ನನಗೆ’ ಬಂತು ನೋಡಿ. ‘ಡಿಡ್ ಯು ಗೆಟ್ ಇಟ್?’ ಎಂಬ ಪ್ರಶ್ನೆಗೆ ಮಾತ್ರ ಎರಡು ಅರ್ಥ: ವಸ್ತು ಕೈಸೇರಿತೇ ಎಂದೂ ಆಗಬಹುದು, ಹೇಳಿದ್ದು ತಿಳಿಯಿತೇ ಎಂದೂ ಆಗಬಹುದು. ಹಿಂದಿನ ಮಾತು ಯಾವುದರ ಬಗ್ಗೆ ಇತ್ತು ಎಂಬುದೇ ಇಲ್ಲಿ ದಿಕ್ಕು.

ಹಂತ 2: ಮುಂದೆ ಗುಣವಾಚಕ ಇದ್ದರೆ

ಇಲ್ಲಿ ‘ಗೆಟ್’ ನಮ್ಮ ‘ಆಗು’. ‘ಗೆಟ್ ರೆಡಿ’: ಸಿದ್ಧನಾಗು. ‘ಗೆಟ್ ವೆಟ್’: ಒದ್ದೆಯಾಗು. ‘ದ ಸೂಪ್ ಈಸ್ ಗೆಟ್ಟಿಂಗ್ ಕೋಲ್ಡ್’: ಸೂಪ್ ತಣ್ಣಗಾಗುತ್ತಿದೆ.

‘ಬಿ’ ಮತ್ತು ‘ಗೆಟ್’ ನಡುವಿನ ವ್ಯತ್ಯಾಸ ಇಲ್ಲಿ ಮುಖ್ಯ. ‘ಐ ವಾಸ್ ಟೈರ್ಡ್’ ಎಂದರೆ ದಣಿದಿದ್ದೆ, ಅಂದರೆ ಆ ಹೊತ್ತಿನ ಸ್ಥಿತಿ. ‘ಐ ಗಾಟ್ ಟೈರ್ಡ್’ ಎಂದರೆ ದಣಿವಾಯಿತು, ಅಂದರೆ ಸ್ಥಿತಿ ಬದಲಾದ ಗಳಿಗೆ. ಇರು ಮತ್ತು ಆಗು, ಇಷ್ಟೇ. ನಿಧಾನವಾಗಿ ನಡೆಯುವ ಬದಲಾವಣೆಗೆ ‘ಗೆಟ್ಟಿಂಗ್’ ಬಲು ಸಲೀಸು: ‘ಇಟ್ ಈಸ್ ಗೆಟ್ಟಿಂಗ್ ಡಾರ್ಕ್’, ಕತ್ತಲಾಗುತ್ತಿದೆ, ‘ಹಿ ಈಸ್ ಗೆಟ್ಟಿಂಗ್ ಬೆಟರ್’, ಅವನು ಚೇತರಿಸಿಕೊಳ್ಳುತ್ತಿದ್ದಾನೆ, ‘ಥಿಂಗ್ಸ್ ಆರ್ ಗೆಟ್ಟಿಂಗ್ ವರ್ಸ್’, ಪರಿಸ್ಥಿತಿ ಹದಗೆಡುತ್ತಿದೆ.

ಆದರೆ ಕನ್ನಡದ ‘ಆಗು’ ನಾಮಪದದ ಜೊತೆಗೂ ಬರುತ್ತದೆ, ‘ಗೆಟ್’ ಬರುವುದಿಲ್ಲ. ‘ಅವಳು ಡಾಕ್ಟರಾದಳು’ ಎನ್ನಲು ‘ಶಿ ಗಾಟ್ ಎ ಡಾಕ್ಟರ್’ ಎಂದರೆ ‘ಅವಳು ಒಬ್ಬ ಡಾಕ್ಟರನ್ನು ಕರೆತಂದಳು’ ಎಂದು ಕೇಳುವವರಿಗೆ ಅನಿಸುತ್ತದೆ. ನಾಮಪದ ಬಂದ ಕೂಡಲೇ ‘ಗೆಟ್’ ಮೊದಲ ಹಂತದ ಅರ್ಥಕ್ಕೆ ಮರಳುತ್ತದೆ. ‘ಶಿ ಬಿಕೇಮ್ ಎ ಡಾಕ್ಟರ್’ ಎಂಬುದೇ ಸರಿ.

ಇದೇ ಹಂತದಲ್ಲಿ ‘ಗೆಟ್ ಯೂಸ್ಡ್ ಟು’ ಎಂಬುದನ್ನೂ ನೋಡಿಬಿಡೋಣ. ಅದರ ಅರ್ಥ ರೂಢಿಯಾಗು. ‘ಐ ಗಾಟ್ ಯೂಸ್ಡ್ ಟು ವೇಕಿಂಗ್ ಅಪ್ ಅರ್ಲಿ’: ಬೇಗ ಏಳುವುದು ನನಗೆ ರೂಢಿಯಾಯಿತು. ‘ಗಾಟ್’ ತೆಗೆದು ‘ಐ ಯೂಸ್ಡ್ ಟು ವೇಕ್ ಅಪ್ ಅರ್ಲಿ’ ಎಂದರೆ ಅರ್ಥವೇ ತಿರುಗುತ್ತದೆ: ಮೊದಲೆಲ್ಲ ಬೇಗ ಏಳುತ್ತಿದ್ದೆ, ಈಗ ಇಲ್ಲ. ‘ಗಾಟ್’ ಇದ್ದಾಗ ಕ್ರಿಯಾಪದಕ್ಕೆ ‘ಇಂಗ್’ ಸೇರಿರುವುದನ್ನೂ ಗಮನಿಸಿ.

ಹಂತ 3: ಮುಂದೆ ಜಾಗ ಇದ್ದರೆ

ತಲುಪು. ‘ವಿ ಗಾಟ್ ಟು ದ ಸ್ಟೇಷನ್ ಅಟ್ ಸಿಕ್ಸ್’: ಆರಕ್ಕೆ ಸ್ಟೇಷನ್ ತಲುಪಿದೆವು. ಜಾಗದ ಹೆಸರಿನ ಮುಂದೆ ‘ಟು’ ಬೇಕು. ಹೋಮ್, ಹಿಯರ್, ದೇರ್ ಈ ಮೂರಕ್ಕೆ ಬೇಡ. ‘ಗೆಟ್ ಹೋಮ್’ ಸರಿ, ‘ಗೆಟ್ ಟು ಹೋಮ್’ ತಪ್ಪು.

ಹಂತ 4: ಮುಂದೆ ಕ್ರಿಯಾಪದದ ಮೂರನೇ ರೂಪ ಇದ್ದರೆ

ಬ್ರೇಕ್, ಬ್ರೋಕ್, ಬ್ರೋಕನ್ ಎಂದು ಶಾಲೆಯಲ್ಲಿ ಒಪ್ಪಿಸಿದ್ದೆವಲ್ಲ, ಆ ಕೊನೆಯ ರೂಪ. ‘ದ ಗ್ಲಾಸ್ ಗಾಟ್ ಬ್ರೋಕನ್’: ಗ್ಲಾಸು ಒಡೆದುಹೋಯಿತು. ‘ಮೈ ಬ್ಯಾಗ್ ಗಾಟ್ ಸ್ಟೋಲನ್’: ನನ್ನ ಬ್ಯಾಗು ಕಳುವಾಯಿತು. ‘ವಿ ಗಾಟ್ ಲಾಸ್ಟ್’: ನಮಗೆ ದಾರಿ ತಪ್ಪಿತು.

ಇದು ಕರ್ಮಣಿ ಪ್ರಯೋಗವೇ. ‘ದ ಗ್ಲಾಸ್ ವಾಸ್ ಬ್ರೋಕನ್’ ಎಂದೂ ಹೇಳಬಹುದು. ಆದರೆ ‘ವಾಸ್ ಬ್ರೋಕನ್’ ಎಂಬುದರಲ್ಲಿ ಗ್ಲಾಸು ಮೊದಲೇ ಒಡೆದಿತ್ತೋ ಆಗ ಒಡೆಯಿತೋ ಎಂಬುದು ಸ್ಪಷ್ಟವಿಲ್ಲ. ‘ಗಾಟ್ ಬ್ರೋಕನ್’ ಎಂದಾಗ ಆಗ ಒಡೆಯಿತು ಎಂಬುದು ಖಚಿತ. ಜೊತೆಗೆ, ಬಯಸದೆ ನಡೆದುಹೋಯಿತು ಎಂಬ ಧ್ವನಿಯೂ ‘ಗೆಟ್’ನಲ್ಲಿ ಹಲವು ಸಲ ಇರುತ್ತದೆ. ನಾವು ‘ಒಡೆಯಿತು’ ಎನ್ನುವ ಬದಲು ‘ಒಡೆದುಹೋಯಿತು’ ಎಂದಾಗ ಆ ‘ಹೋಯಿತು’ ತರುವ ಧ್ವನಿಯೇ ಅದು. ಒಳ್ಳೆಯದಕ್ಕೂ ಬರುತ್ತದೆ, ‘ಶಿ ಗಾಟ್ ಪ್ರಮೋಟೆಡ್’ ಎನ್ನುವ ಹಾಗೆ. ಕಟ್ಟಡ, ಪುಸ್ತಕ ಮುಂತಾದವನ್ನು ಯೋಜನೆ ಹಾಕಿ ಮಾಡಿದ ಕೆಲಸಕ್ಕೆ ಮಾತ್ರ ‘ವಾಸ್’ ಒಳ್ಳೆಯದು: ‘ದ ಬ್ರಿಜ್ ವಾಸ್ ಬಿಲ್ಟ್’ ಎನ್ನುತ್ತಾರೆ, ‘ಗಾಟ್ ಬಿಲ್ಟ್’ ಎನ್ನುವುದು ಅಪರೂಪ.

ಕೆಲವು ಜೋಡಿಗಳಲ್ಲಿ ಕೆಲಸ ಮಾಡುವವರೂ ಅದರ ಫಲ ಪಡೆಯುವವರೂ ಒಬ್ಬರೇ. ‘ಗೆಟ್ ಡ್ರೆಸ್ಡ್’ ಎಂದರೆ ಬಟ್ಟೆ ಹಾಕಿಕೊ. ಕನ್ನಡದ ‘ಕೊಳ್ಳು’ ಇಲ್ಲಿ ಸರಿಹೊಂದುತ್ತದೆ. ‘ಗೆಟ್ ಮ್ಯಾರೀಡ್’ ಎಂದರೆ ಮದುವೆಯಾಗು, ಮದುವೆ ಮಾಡಿಕೊ. ‘ದೇ ಗಾಟ್ ಮ್ಯಾರೀಡ್ ಇನ್ 2015’ ಎಂಬುದು ಮದುವೆ ನಡೆದ ವರ್ಷ. ‘ದೇ ಆರ್ ಮ್ಯಾರೀಡ್’ ಎಂಬುದು ಅವರು ದಂಪತಿಗಳು ಎಂಬ ಸಂಗತಿ. ಯಾರನ್ನು ಎಂದು ಹೇಳುವಾಗ ‘ಮ್ಯಾರೀಡ್ ಟು’ ಬಳಸಿ. ‘ಮ್ಯಾರೀಡ್ ವಿತ್’ ಬೇಡ.

ಹಂತ 5: ಮಾಡು ಮತ್ತು ಮಾಡಿಸು

ನನ್ನ ಪ್ರಕಾರ ‘ಗೆಟ್’ನಲ್ಲಿ ಕಲಿಯಲೇಬೇಕಾದ ಪ್ರಯೋಗ ಇದು. ಬೇರೆ ಪ್ರಯೋಗಗಳನ್ನು ಬೇರೆ ಪದ ಹಾಕಿ ನಿಭಾಯಿಸಬಹುದು. ಇದು ಗೊತ್ತಿಲ್ಲದಿದ್ದರೆ ಹೇಳುವ ಸಂಗತಿಯೇ ಸುಳ್ಳಾಗಿಬಿಡುತ್ತದೆ.

‘ಐ ಕಟ್ ಮೈ ಹೇರ್’ ಎಂದರೆ ನಾನೇ ಕತ್ತರಿ ಹಿಡಿದು ನನ್ನ ಕೂದಲು ಕತ್ತರಿಸಿಕೊಂಡೆ. ಕ್ಷೌರಿಕರ ಬಳಿ ಹೋಗಿ ಮಾಡಿಸಿಕೊಂಡಿದ್ದರೆ ‘ಐ ಗಾಟ್ ಮೈ ಹೇರ್ ಕಟ್’ ಎನ್ನಬೇಕು. ‘ಐ ರಿಪೇರ್ಡ್ ಮೈ ಫೋನ್’ ಎಂದರೆ ಫೋನನ್ನು ನಾನೇ ಬಿಚ್ಚಿ ಸರಿಮಾಡಿದೆ. ‘ಐ ಗಾಟ್ ಮೈ ಫೋನ್ ರಿಪೇರ್ಡ್’ ಎಂದರೆ ರಿಪೇರಿ ಮಾಡಿಸಿದೆ. ಮಾಡಿದೆ, ಮಾಡಿಸಿದೆ: ಕನ್ನಡದಲ್ಲಿ ನಡುವೆ ಒಂದು ‘ಇಸು’ ಸೇರಿಸಿದರೆ ಮುಗಿಯುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಹಾಗೆ ಅಂಟುವ ಪ್ರತ್ಯಯವಿಲ್ಲ. ಆ ಕೆಲಸಕ್ಕೆ ‘ಗೆಟ್’ ಬೇಕು, ಮತ್ತು ಪದಗಳ ಕ್ರಮ ಕಟ್ಟುನಿಟ್ಟಾಗಿರಬೇಕು: ಮೊದಲು ‘ಗೆಟ್’, ನಂತರ ವಸ್ತು, ಕೊನೆಯಲ್ಲಿ ಮೂರನೇ ರೂಪ. ಈ ಕ್ರಮ ಬದಲಾಯಿಸಿ ‘ಐ ಗಾಟ್ ರಿಪೇರ್ಡ್ ಮೈ ಫೋನ್’ ಎಂದರೆ ವಾಕ್ಯವೇ ನಿಲ್ಲುವುದಿಲ್ಲ.

ಹೊಲಿಸು, ತೊಳೆಸು, ಬರೆಸು, ಕಟ್ಟಿಸು, ತೆಗೆಸು, ಹಾಕಿಸು. ಇಂಥ ಹತ್ತು ಕ್ರಿಯಾಪದ ಒಂದು ಹಾಳೆಯಲ್ಲಿ ಬರೆದುಕೊಂಡು ಪ್ರತಿಯೊಂದಕ್ಕೂ ಒಂದು ‘ಗಾಟ್’ ವಾಕ್ಯ ಮಾಡಿ. ಫೋಟೊ ತೆಗೆಸಿದೆ: ‘ಐ ಗಾಟ್ ಮೈ ಫೋಟೊ ಟೇಕನ್.’ ಹಲ್ಲು ಕೀಳಿಸಿದೆ: ‘ಐ ಗಾಟ್ ಎ ಟೂತ್ ಪುಲ್ಡ್.’ ಬಾಯಿ ಪಳಗುವವರೆಗೆ ಇದನ್ನು ಬಿಡಬೇಡಿ.

ಇದೇ ಕ್ರಮದ ವಾಕ್ಯಕ್ಕೆ ಕೆಲವು ಸಲ ಬೇರೆ ಅರ್ಥವೂ ಬರುತ್ತದೆ. ‘ಹಿ ಗಾಟ್ ಹಿಸ್ ಫಿಂಗರ್ ಕಾಟ್ ಇನ್ ದ ಡೋರ್’: ಅವನ ಬೆರಳು ಬಾಗಿಲಿಗೆ ಸಿಕ್ಕಿತು. ಯಾರೂ ಬೆರಳು ಸಿಕ್ಕಿಸಿಕೊಳ್ಳಲು ಹೇಳುವುದಿಲ್ಲವಾದ್ದರಿಂದ ಗೊಂದಲವಾಗದು. ‘ಐ ಗಾಟ್ ದ ವರ್ಕ್ ಡನ್’ ಎಂಬಲ್ಲಿ ಮಾತ್ರ ಕೆಲಸ ಮಾಡಿ ಮುಗಿಸಿದೆ ಎಂದೂ ಬೇರೆಯವರಿಂದ ಮಾಡಿಸಿದೆ ಎಂದೂ ಎರಡೂ ಅರ್ಥ ಸಾಧ್ಯ.

ಯಾರಿಂದ ಮಾಡಿಸಿದೆ ಎಂದು ಹೇಳಬೇಕಾದರೆ ರಚನೆ ಸ್ವಲ್ಪ ಬದಲಾಗುತ್ತದೆ: ‘ಐ ಗಾಟ್ ಹಿಮ್ ಟು ಸೈನ್.’ ಅವನಿಂದ ಸಹಿ ಹಾಕಿಸಿದೆ. ಈ ಕನ್ನಡ ವಾಕ್ಯಕ್ಕೆ ಇಂಗ್ಲಿಷಿನಲ್ಲಿ ಮೂರು ರೂಪಗಳಿವೆ. ‘ಐ ಮೇಡ್ ಹಿಮ್ ಸೈನ್’ ಎಂದರೆ ಅವನಿಗೆ ಇಷ್ಟವಿಲ್ಲದಿದ್ದರೂ ಹಾಕಿಸಿದೆ. ‘ಐ ಹ್ಯಾಡ್ ಹಿಮ್ ಸೈನ್’ ಎಂದರೆ ಹೇಳಿದೆ, ಅವನು ಹಾಕಿದ. ‘ಐ ಗಾಟ್ ಹಿಮ್ ಟು ಸೈನ್’ ಎಂದರೆ ಮಾತಾಡಿ, ಒಪ್ಪಿಸಿ ಹಾಕಿಸಿದೆ. ಅದರಲ್ಲಿ ನನ್ನ ಶ್ರಮವೂ ಇದೆ. ‘ಟು’ ಬರುವುದು ‘ಗೆಟ್’ಗೆ ಮಾತ್ರ. ಈ ಶ್ರಮದ ಧ್ವನಿ ಯಂತ್ರಗಳ ಜೊತೆಗೂ ಉಳಿಯುತ್ತದೆ: ‘ಐ ಕುಡಂಟ್ ಗೆಟ್ ದ ಕಾರ್ ಟು ಸ್ಟಾರ್ಟ್’, ಏನು ಮಾಡಿದರೂ ಕಾರು ಸ್ಟಾರ್ಟ್ ಆಗಲಿಲ್ಲ.

ಹಂತ 6: ‘ಟು’ ಮತ್ತು ಕ್ರಿಯಾಪದ, ‘ಹ್ಯಾವ್ ಗಾಟ್’

‘ಗೆಟ್’ ಆದ ಕೂಡಲೇ ‘ಟು’, ಅದರ ಹಿಂದೆಯೇ ಕ್ರಿಯಾಪದ ಬಂದರೆ ಅವಕಾಶ ಸಿಗು ಎಂದರ್ಥ. ‘ಐ ಗಾಟ್ ಟು ಮೀಟ್ ಹರ್’: ಅವರನ್ನು ಭೇಟಿಯಾಗುವ ಅವಕಾಶ ಸಿಕ್ಕಿತು. ‘ಗೆಟ್ ಟು ನೋ’ ಎಂದರೆ ನಿಧಾನವಾಗಿ ಪರಿಚಯವಾಗು.

‘ಹ್ಯಾವ್ ಗಾಟ್’ ಬೇರೆಯೇ ಸಂಗತಿ. ನೋಡಲು ಭೂತಕಾಲದಂತಿದ್ದರೂ ಅದರ ಅರ್ಥ ವರ್ತಮಾನದ್ದು. ‘ಐ ಹ್ಯಾವ್ ಗಾಟ್ ಎ ಪೆನ್’: ನನ್ನ ಹತ್ತಿರ ಪೆನ್ ಇದೆ. ‘ಐ ಹ್ಯಾವ್ ಗಾಟ್ ಟು ಗೋ’: ನಾನು ಹೋಗಲೇಬೇಕು. ಆಡುಮಾತಿನಲ್ಲಿ ‘ಹ್ಯಾವ್’ ನುಂಗಿಹೋಗಿ ‘ಐ ಗಾಟ್ ಟು ಗೋ’, ಇನ್ನೂ ಸವೆದು ‘ಗಾಟಾ ಗೋ’ ಎಂದು ಕೇಳಿಸುತ್ತದೆ. ಆಗ ‘ಹೋಗುವ ಅವಕಾಶ ಸಿಕ್ಕಿತು’ ಎಂಬ ಅರ್ಥದ ವಾಕ್ಯವೂ ‘ಹೋಗಬೇಕು’ ಎಂಬ ಅರ್ಥದ ವಾಕ್ಯವೂ ಕಿವಿಗೆ ಒಂದೇ ಆಗುತ್ತವೆ. ಹಿಂದೆ ನಡೆದದ್ದನ್ನು ಹೇಳುತ್ತಿದ್ದಾರೋ, ಎದ್ದು ಹೊರಡಲು ಅಣಿಯಾಗಿದ್ದಾರೋ ನೋಡಿ.

‘ಗೆಟ್’ನ ಮೂರನೇ ರೂಪವಾಗಿ ಅಮೆರಿಕದವರು ಬಳಸುವ ‘ಗಾಟನ್’ ಕೇಳಿ ತಪ್ಪೆಂದು ತಿಳಿಯಬೇಡಿ. ಅದು ಹಳೆಯ ರೂಪ; ಬ್ರಿಟನ್ನಿನಲ್ಲಿ ಬಹುತೇಕ ಬಿಟ್ಟುಹೋಗಿ ಅಮೆರಿಕದಲ್ಲಿ ಉಳಿಯಿತು. ‘ಫರ್‌ಗಾಟನ್’ ಎಂಬಲ್ಲಿ ಮಾತ್ರ ಎರಡೂ ಕಡೆ ಉಳಿದಿದೆ. ಅಮೆರಿಕದವರು ಎರಡು ರೂಪಗಳಿಗೂ ಬೇರೆ ಬೇರೆ ಕೆಲಸ ಕೊಟ್ಟಿದ್ದಾರೆ: ‘ಐ ಹ್ಯಾವ್ ಗಾಟ್ ಎ ಕಾರ್’ ಎಂದರೆ ನನ್ನ ಬಳಿ ಕಾರಿದೆ, ‘ಐ ಹ್ಯಾವ್ ಗಾಟನ್ ಎ ಕಾರ್’ ಎಂದರೆ ಕಾರು ಕೊಂಡಿದ್ದೇನೆ.

ಹಂತ 7: ಬಾಲಕ್ಕೆ ಚಿಕ್ಕ ಪದ ಇದ್ದರೆ

ಅಪ್, ಓವರ್, ಬೈ, ಅಕ್ರಾಸ್ ಮುಂತಾದವು ಸೇರಿದಾಗ ಎರಡನ್ನೂ ಒಂದೇ ಪದವೆಂದು ತಿಳಿದು ಕಲಿಯುವುದು ವಾಸಿ. ‘ಗೆಟ್ ಅಪ್’ ಎಂದರೆ ಹಾಸಿಗೆ ಬಿಟ್ಟು ಏಳು. ‘ವೇಕ್ ಅಪ್’ ಎಂದರೆ ಎಚ್ಚರವಾಗು. ‘ಗೆಟ್ ಓವರ್’ ಎಂದರೆ ಕಾಯಿಲೆಯಿಂದಲೋ ದುಃಖದಿಂದಲೋ ಚೇತರಿಸಿಕೊ. ‘ಗೆಟ್ ಅಲಾಂಗ್’ ಎಂದರೆ ಹೊಂದಿಕೊಂಡು ಹೋಗು. ‘ಗೆಟ್ ಬೈ’ ಎಂದರೆ ಇದ್ದುದರಲ್ಲೇ ಹೇಗೋ ಸುಧಾರಿಸು. ‘ಗೆಟ್ ಅಕ್ರಾಸ್’ ಎಂದರೆ ಮನದಟ್ಟು ಮಾಡು. ‘ಗೆಟ್ ರಿಡ್ ಆಫ್’ ಎಂದರೆ ತೊಲಗಿಸು. ‘ಗೆಟ್ ಅವೇ ವಿತ್’ ಎಂಬುದಕ್ಕೆ ಎಷ್ಟೋ ನಿಘಂಟುಗಳು ಉದ್ದದ ವಿವರಣೆ ಕೊಡುತ್ತವೆ. ತಪ್ಪು ಮಾಡಿಯೂ ದಕ್ಕಿಸಿಕೊ ಎಂದರೆ ಕನ್ನಡದಲ್ಲಿ ಮುಗಿಯಿತು.

ವಾಹನ ಹತ್ತಿ ಇಳಿಯುವಾಗ ಎರಡು ಜೋಡಿಗಳಿವೆ. ಬಗ್ಗಿ ಒಳಗೆ ಕೂರುವ ಕಾರು, ಟ್ಯಾಕ್ಸಿಗಳಿಗೆ ‘ಗೆಟ್ ಇನ್’, ‘ಗೆಟ್ ಔಟ್ ಆಫ್’. ಒಳಗೆ ನಿಂತು ಓಡಾಡಬಹುದಾದ ಬಸ್ಸು, ರೈಲು, ವಿಮಾನಗಳಿಗೂ, ಮೇಲೆ ಕೂರುವ ಸೈಕಲ್, ಕುದುರೆಗಳಿಗೂ ‘ಗೆಟ್ ಆನ್’, ‘ಗೆಟ್ ಆಫ್’.

ಬರೆಯುವಾಗ ಎಷ್ಟು ಬಳಸಬೇಕು?

‘ಗೆಟ್’ ಬರವಣಿಗೆಯಲ್ಲಿ ಸಲ್ಲದು ಎಂದು ಪೂರ್ತಿ ನಿಷೇಧಿಸುವವರಿದ್ದಾರೆ. ನಾನದನ್ನು ಒಪ್ಪುವುದಿಲ್ಲ. ಗೆಳೆಯರಿಗೆ ಬರೆಯುವ ಪತ್ರದಲ್ಲಿ, ಕಥೆಯಲ್ಲಿ, ಮಾತಿನಲ್ಲಿ ಅದನ್ನು ತಪ್ಪಿಸಲು ಹೋದರೆ ಭಾಷೆ ಸೆಟೆದುಕೊಳ್ಳುತ್ತದೆ. ಅರ್ಜಿ, ವರದಿ, ಪ್ರಬಂಧಗಳಲ್ಲಿ ಮಾತ್ರ ನಿರ್ದಿಷ್ಟ ಪದ ಹಾಕಿ: ಬಂದು ತಲುಪಿದ ವಸ್ತುವಿಗೆ ‘ರಿಸೀವ್’, ಪ್ರಯತ್ನಪಟ್ಟು ಪಡೆದದ್ದಕ್ಕೆ ‘ಅಬ್ಟೇನ್’, ಬದಲಾವಣೆಗೆ ‘ಬಿಕಮ್’, ಜಾಗ ಮುಟ್ಟಿದ್ದಕ್ಕೆ ‘ಅರೈವ್’ ಅಥವಾ ‘ರೀಚ್’. ಯಾವುದನ್ನು ಹಾಕಬೇಕೆಂಬುದೂ ಮೇಲಿನ ಹಂತಗಳಿಂದಲೇ ಗೊತ್ತಾಗುತ್ತದೆ.

ಒಂದು ಅಭ್ಯಾಸ

ಇದನ್ನು ಓದಿ, ಪ್ರತಿ ‘ಗೆಟ್’ನ ಮುಂದಿನ ಪದಕ್ಕೆ ಗೆರೆ ಎಳೆಯಿರಿ: ‘ಐ ಗಾಟ್ ಅಪ್ ಲೇಟ್ ಅಂಡ್ ಗಾಟ್ ರೆಡಿ ಇನ್ ಎ ಹರಿ. ಐ ಕುಡಂಟ್ ಗೆಟ್ ಎ ಟ್ಯಾಕ್ಸಿ, ಸೋ ಐ ಗಾಟ್ ಮೈ ಬ್ರದರ್ ಟು ಡ್ರೈವ್ ಮಿ. ವಿ ಗಾಟ್ ಲಾಸ್ಟ್. ಐ ಗಾಟ್ ಟು ದ ಆಫೀಸ್ ಅಟ್ ಇಲೆವನ್, ಬಟ್ ಐ ಡಿಡಂಟ್ ಗೆಟ್ ಟು ಸ್ಪೀಕ್. ದ ಮ್ಯಾನೇಜರ್ ಸೆಡ್, ಐ ವಿಲ್ ಗೆಟ್ ಬ್ಯಾಕ್ ಟು ಯು.’

ತಡವಾಗಿ ಎದ್ದೆ. ಅವಸರದಲ್ಲಿ ಸಿದ್ಧನಾದೆ. ಟ್ಯಾಕ್ಸಿ ಸಿಗಲಿಲ್ಲ, ಹಾಗಾಗಿ ಕಾರಿನಲ್ಲಿ ಬಿಡಲು ಅಣ್ಣನನ್ನು ಒಪ್ಪಿಸಿದೆ. ದಾರಿ ತಪ್ಪಿತು. ಹನ್ನೊಂದಕ್ಕೆ ಆಫೀಸು ತಲುಪಿದೆ, ಆದರೆ ಮಾತಾಡಲು ಅವಕಾಶ ಸಿಗಲಿಲ್ಲ. ‘ಆಮೇಲೆ ತಿಳಿಸುತ್ತೇನೆ’ ಎಂದರು ಮ್ಯಾನೇಜರು. ‘ಗಾಟ್ ಟು ದ ಆಫೀಸ್’, ‘ಗೆಟ್ ಟು ಸ್ಪೀಕ್’ ಎರಡರಲ್ಲೂ ‘ಟು’ ಇದೆ. ಒಂದರ ಮುಂದೆ ಜಾಗ, ಇನ್ನೊಂದರ ಮುಂದೆ ಕ್ರಿಯಾಪದ. ಈ ಎರಡನ್ನು ತಡವರಿಸದೆ ಬೇರ್ಪಡಿಸಿದ್ದರೆ, ನೀವು ಈಗ ಓದುತ್ತಿರುವ ಇಂಗ್ಲಿಷ್ ಪುಸ್ತಕದ ಒಂದು ಪುಟ ತೆರೆದು ಅಲ್ಲಿರುವ ‘ಗೆಟ್’ಗಳಿಗೂ ಹೀಗೆಯೇ ಗೆರೆ ಎಳೆಯಲು ಶುರುಮಾಡಬಹುದು.